ಎಡಗಡೆಯ ಅರವತ್ತನಾಲ್ಕು ಕಿಲೋ

ಹಿರಿಯೂರು ಗಾಳಿಬಾಗಿಲು,
ಆಷಾಢದ ನಲವತ್ತೆರಡನೆಯ ದಿನ,
ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ಹದಿನೇಳು.

ಪುಟ್ಟ ಕಾರಿನಲ್ಲಿ ಹೆದ್ದಾರಿಗೆ ಇಳಿಯುವ ಹಿರಿಯರಿಗೆ,

ಆಷಾಢಕ್ಕೆ ನಲವತ್ತೆರಡು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ಆಷಾಢ ಮುಗಿಯುವುದಿಲ್ಲ. ಒಂದು ವರ್ಷ ಐವತ್ತೊಂದು ದಿನ ಬೀಸಿ, ಶ್ರಾವಣದ ಹಬ್ಬಗಳೆಲ್ಲ ಹೊಸ್ತಿಲಾಚೆ ಕಾದು ನಿಂತಿದ್ದವು. ಈ ಪತ್ರದಲ್ಲಿ ಇಂಥ ಪರಿಚಯವಿಲ್ಲದ ಮಾತುಗಳು ಇನ್ನೂ ಬರುತ್ತವೆ, ಕ್ಷಮಿಸಬೇಕು. ನಾನು ಎಪ್ಪತ್ತೊಂದು ವರ್ಷದವಳು, ನಲವತ್ತೊಂದು ವರ್ಷ ಪುಟ್ಟ ಕಾರು ಓಡಿಸುವುದನ್ನು ಕಲಿಸಿದವಳು. ಎದುರಿಗೆ ಯಾರೇ ಇದ್ದರೂ ಕಲಿಯಲು ಬಂದವರೆಂದೇ ಮಾತಾಡುತ್ತೇನೆ. ಅದಕ್ಕೂ ಸೇರಿಸಿ ಒಂದೇ ಸಲ ಕ್ಷಮೆ ಕೇಳಿಬಿಟ್ಟಿದ್ದೇನೆ. ನೀವು ಇಪ್ಪತ್ತರ ಹರೆಯದವರಾದರೂ ನನಗಿಂತ ನೂರನಲವತ್ತು ವರ್ಷ ಮೊದಲು ಹುಟ್ಟಿದವರು, ಆದ್ದರಿಂದ ಹಿರಿಯರೇ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಗಾಳಿಯಿರುವಾಗ ಗುಬ್ಬಿಸಾಲನ್ನು ಕೊನೆಯದಾಗಿ ದಾಟಿದವರಿಗೆ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ನಿಮ್ಮ ಕಾಲದ ಟೋಲ್ ಗೇಟಿನ ಒಂದು ಗೂಡು ಇಲ್ಲಿ ಇನ್ನೂ ನಿಂತಿದೆ. ಬರೆದದ್ದನ್ನು ಅದರ ಕಿಟಕಿಯೊಳಗೆ ಇಟ್ಟು ಬಂದರೆ ಸಾಕು, ಒಂದು ದಿನ ನೋಡಿದಾಗ ಇರುವುದಿಲ್ಲ. ಯಾರಿಗೆ ತಲುಪುತ್ತದೆ ಎಂದು ನಾನು ಕೇಳಲು ಹೋಗಿಲ್ಲ.

ಹೆದ್ದಾರಿ ಅದೇ, ನಿಮಗೆ ಗೊತ್ತಿರುವುದೇ. ಹಿರಿಯೂರಿನಿಂದ ಐಮಂಗಲ, ಐಮಂಗಲದಿಂದ ದುರ್ಗ. ದಾರಿಯುದ್ದಕ್ಕೂ ಬೋಳು ಗುಡ್ಡಗಳು, ಗುಡ್ಡಗಳ ನೆತ್ತಿಯ ಮೇಲೆ ನೀವು ನೆಟ್ಟ ಗಾಳಿಯಂತ್ರಗಳು. ಅವು ತಿರುಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಈಗ ಅವುಗಳ ರೆಕ್ಕೆಗಳ ಮೇಲೆ ಹುಲ್ಲು ಬೆಳೆದಿದೆ. ಲಾರಿಗಳಿಲ್ಲ. ಅವುಗಳ ಬದಲು ಉದ್ದಪ್ಪ ಇದ್ದಾನೆ. ಎಂದರೆ ನಲವತ್ತು ಲಾರಿಗಳನ್ನು ಒಂದರ ಹಿಂದೊಂದು ಪೋಣಿಸಿದಂಥ, ಚಾಲಕನಿಲ್ಲದ ಗಾಡಿ. ಅದಕ್ಕೊಂದು ಸರ್ಕಾರಿ ಹೆಸರಿದೆ, ಯಾರ ಬಾಯಲ್ಲೂ ನಿಲ್ಲಲಿಲ್ಲ. ಸರಕೂ ಜನರೂ ಅವನ ಹೊಟ್ಟೆಯೊಳಗೇ ಹೋಗುತ್ತಾರೆ. ಒಳಗೆ ಕಿಟಕಿಯಿಲ್ಲ. ಹಿರಿಯೂರಿನಲ್ಲಿ ಕೂತವರು ಆಕಳಿಸಿ ಮುಗಿಸುವಷ್ಟರಲ್ಲಿ ದುರ್ಗದಲ್ಲಿ ಇಳಿಯುತ್ತಾರೆ. ದಾರಿಯಲ್ಲಿ ಏನು ಕಂಡಿರಿ ಎಂದು ಕೇಳಿದರೆ ಪೆಚ್ಚಾಗಿ ನಗುತ್ತಾರೆ.

ಹೆದ್ದಾರಿಯ ಎಡ ಅಂಚಿನಲ್ಲಿ ಒಂದು ಕಿರಿದಾದ ಪಟ್ಟಿ ಉಳಿದಿದೆ. ಅದೇ ಗುಬ್ಬಿಸಾಲು. ಅದರ ಮೇಲೆ ಓಡುವುದು ಗುಬ್ಬಿಗಾಡಿ, ನಿಮ್ಮ ಪುಟ್ಟ ಕಾರಿನ ಮರಿಮೊಮ್ಮಗಳು. ಬಿದಿರಿನ ಚೌಕಟ್ಟು, ಮೇಣ ಹಚ್ಚಿದ ಬಟ್ಟೆಯ ಮೈ, ಬಿಸಿಲು ಕುಡಿಯುವ ಚಾವಣಿ, ಎರಡು ಸೀಟು. ಇಬ್ಬರು ಸೇರಿದರೆ ಎತ್ತಿ ತಿರುಗಿಸಿ ಇಡಬಹುದು. ನಿಮ್ಮ ಕಾರುಗಳು ತಗಡಿನವಂತೆ, ಇಬ್ಬರ ಜಾಗದಲ್ಲಿ ಐವರು ಕೂರುತ್ತಿದ್ದರಂತೆ, ತೊಡೆಯ ಮೇಲೊಂದು ಮಗು, ತಲೆಯ ಮೇಲೊಂದು ಸೂಟ್‌ಕೇಸು. ನೆಂಟರೆಲ್ಲ ಈ ಡಬ್ಬಿ ಹೈವೇಗೆ ಆಗುವುದಿಲ್ಲ ಎಂದು ಹೀಯಾಳಿಸುತ್ತಿದ್ದರಂತೆ. ನಮ್ಮನ್ನೂ ಹೀಗೆಯೇ ಹೀಯಾಳಿಸುತ್ತಾರೆ. ಅಷ್ಟರಮಟ್ಟಿಗೆ ನಾವು ಒಂದೇ ಮನೆಯವರು.

ಪುಟ್ಟ ಗಾಡಿ ಹೆದ್ದಾರಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲ ಪಾಠದಲ್ಲೇ ಹೇಳುತ್ತಿದ್ದೆ, ನಿಮಗೂ ಹೇಳುತ್ತೇನೆ. ದೊಡ್ಡ ಗಾಡಿ ದಾರಿಯನ್ನು ತುಳಿಯುತ್ತದೆ, ಪುಟ್ಟದು ದಾರಿಯ ಮಾತು ಕೇಳುತ್ತದೆ. ಸೇತುವೆಯ ಬೆಸುಗೆ ಬಂದರೆ ಕುಪ್ಪಳಿಸುತ್ತದೆ, ಹಳೆಯ ತೇಪೆ ಬಂದರೆ ಮುಖ ತಿರುಗಿಸುತ್ತದೆ. ಗುಡ್ಡದ ಮರೆಯಲ್ಲಿ ತೆಪ್ಪಗೆ ಹೋಗುತ್ತಿದ್ದದ್ದು ಗುಡ್ಡ ಮುಗಿದ ಕೂಡಲೇ ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ. ಉದ್ದಪ್ಪ ಬಲಗಡೆಯಿಂದ ದಾಟುವಾಗ ಮೂರು ಕೆಲಸ ಮಾಡುತ್ತಾನೆ. ಅವನ ಮೂತಿ ಪಕ್ಕಕ್ಕೆ ಬಂದಾಗ ನೂಕುತ್ತಾನೆ, ಹೊಟ್ಟೆ ಪಕ್ಕಕ್ಕೆ ಬಂದಾಗ ಸೆಳೆಯುತ್ತಾನೆ, ಬಾಲ ದಾಟುವಾಗ ಒದೆಯುತ್ತಾನೆ. ನಿಮ್ಮ ಲಾರಿಗಳೂ ಹೀಗೆಯೇ ಮಾಡುತ್ತಿದ್ದವಂತೆ. ಹೊಸಬರು ನೂಕಿದಾಗ ಹೆದರಿ ಬಲಕ್ಕೆ ತಿರುಗಿಸುತ್ತಾರೆ, ಅಷ್ಟರಲ್ಲಿ ಸೆಳೆತ ಶುರುವಾಗಿರುತ್ತದೆ, ಎರಡೂ ಸೇರಿ ಗಾಡಿ ಗೆರೆ ದಾಟುತ್ತದೆ. ಸ್ಟೇರಿಂಗನ್ನು ಕತ್ತು ಹಿಸುಕಿದ ಹಾಗೆ ಹಿಡಿಯಬೇಡಿ. ಹಿಟ್ಟು ಮುಟ್ಟಿ ಹದ ನೋಡುತ್ತೀರಲ್ಲ, ಅಷ್ಟು ಸಾಕು. ಗಾಡಿ ಅಲ್ಲಾಡಲಿ, ನೀವು ದೂರ ನೋಡಿ. ಬೆಳಗಿನ ತಂಪಿನಲ್ಲೇ ಚಕ್ರದ ಗಾಳಿ ನೋಡಿ. ಮುಂದಿನವರನ್ನು ದಾಟುವ ಆಸೆಯಿದ್ದರೆ ಅರ್ಧ ಮೈಲಿ ಮೊದಲೇ ಯೋಚಿಸಿ, ಇಲ್ಲದಿದ್ದರೆ ಆಸೆ ಬಿಡಿ. ಇಷ್ಟನ್ನು ಕಲಿಸಲು ನಾನು ಮೂರು ತಿಂಗಳು ಬೈಯುತ್ತಿದ್ದೆ.

ಕೊನೆಯಲ್ಲಿ ಒಂದು ಮಾತು ಹೇಳುತ್ತಿದ್ದೆ. ಪುಟ್ಟ ಗಾಡಿ ಸುಳ್ಳು ಹೇಳುವುದಿಲ್ಲ, ಅದರೊಳಗೆ ಯಾರಿದ್ದಾರೆ ಎನ್ನುವುದು ಅದಕ್ಕೆ ಗೊತ್ತಿರುತ್ತದೆ. ಈ ಮಾತನ್ನು ನೂರಾರು ಜನರಿಗೆ ಹೇಳಿದ್ದೇನೆ. ಅದೇ ಮಾತು ನನ್ನನ್ನು ಹೇಗೆ ಬೇಸ್ತು ಬೀಳಿಸಿತು ಎಂದು ಹೇಳಲಿಕ್ಕೇ ಈ ಪತ್ರ.

ಆಷಾಢದ ಗಾಳಿ ಪಡುವಣದಿಂದ ಬರುತ್ತದೆ. ದುರ್ಗದ ಕಡೆ ಹೊರಟವರಿಗೆ ಅದು ಎಡಗಡೆಯಿಂದ ಬಡಿದು, ಬಲಕ್ಕೆ, ಉದ್ದಪ್ಪನ ಕಡೆಗೆ ತಳ್ಳುತ್ತದೆ. ಆದ್ದರಿಂದ ಎಡ ಸೀಟು ಖಾಲಿಯಿಟ್ಟುಕೊಂಡು ಯಾರೂ ಸಾಲಿಗೆ ಇಳಿಯುವ ಹಾಗಿಲ್ಲ. ಅಲ್ಲಿ ಕೂರುವವರನ್ನು ಎಡಭಾರ ಎನ್ನುತ್ತೇವೆ. ಯಾರೂ ಸಿಗದಿದ್ದರೆ ಸಾಲಿಗೆ ಇಳಿಯುವ ಗಾಳಿಬಾಗಿಲಲ್ಲಿ ಕಲ್ಲು ಕೊಡುತ್ತಾರೆ, ತಲುಪಿದ ಕಡೆ ಹಿಂದಿರುಗಿಸಬೇಕು. ಬಾಗಿಲಿಗೊಬ್ಬರು ತೂಕದವರಿರುತ್ತಾರೆ. ಎಡಭಾರದವರು ಇಳಿದು ತೂಕದ ಕೋಣೆಗೆ ಹೋಗಿಬರುವುದು, ಓಡಿಸುವವರು ಸ್ಟೇರಿಂಗ್ ಬಿಟ್ಟು ಏಳದಿರುವುದು, ಇದು ಹಳೆಯ ಪದ್ಧತಿ. ನನ್ನ ಎಡಭಾರ ನನ್ನ ಗಂಡ ಪಾಲಯ್ಯ. ಅರವತ್ತನಾಲ್ಕು ಕಿಲೋ, ಮದುವೆಯಾದ ವರ್ಷದಿಂದಲೂ. ಹಬ್ಬದೂಟ ಮಾಡಿ ಕೂತ ದಿನ ಗಾಡಿ ಎಡಕ್ಕೆ ಬಾಗಿದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು. ಎಷ್ಟು ಹೋಳಿಗೆ ಎಂದು ಕೇಳಿದರೆ ಎರಡೇ ಎನ್ನುತ್ತಿದ್ದ. ಗಾಡಿ ನಾಲ್ಕು ಎನ್ನುತ್ತಿತ್ತು.

ನಮ್ಮ ಓಡಾಟ ಬೇರೇನಕ್ಕೂ ಅಲ್ಲ, ಓಡಾಟಕ್ಕೇ. ವಾರಕ್ಕೊಮ್ಮೆ ದುರ್ಗಕ್ಕೆ ಹೋಗಿ, ಕೋಟೆಯ ಕೆಳಗೆ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುತ್ತಿದ್ದೆವು. ಹಿರಿಯೂರಿನ ಬೆಳಗು ನೀವು ನೋಡಬೇಕಿತ್ತು. ಹಪ್ಪಳಗಳ ಮೇಲೆ ಒಂದೊಂದು ಬೆಣಚುಕಲ್ಲು, ನಾಯಿಗಳೆಲ್ಲ ಗೋಡೆಯ ಮೂಡಣ ಬದಿಗೆ, ಎದುರಾದವರು ಊಟವಾಯಿತೆ ಎಂದು ಕೇಳದೆ ಗಾಳಿ ಎಷ್ಟಿದೆ ಎಂದು ಕೇಳುವುದು. ಸಾಲಿಗೆ ಇಳಿದ ಮೇಲೆ ಮಾತು ತಾನಾಗಿ ಕಡಿಮೆಯಾಗುತ್ತದೆ. ಬಟ್ಟೆಯ ಮೈ ಪಟಪಟ ಎನ್ನುತ್ತದೆ, ಗುಡ್ಡಗಳು ನಿಧಾನವಾಗಿ ಜಾಗ ಬದಲಿಸುತ್ತವೆ, ಮೋಡದ ನೆರಳು ನಮ್ಮ ಮೇಲೆ ಹಾದು ಮುಂದೆ ಹೋಗಿ ಮತ್ತೆಲ್ಲೋ ಸಿಗುತ್ತದೆ. ಪಾಲಯ್ಯ ಅರ್ಧ ನಿದ್ದೆಯಲ್ಲಿ ಏನೋ ಗುನುಗುತ್ತಿದ್ದ. ಅದು ಎಚ್ಚರವೋ ಕನಸೋ ಎಂದು ನನಗೂ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ನನ್ನ ಜೀವನದ ಸುಖವೆಲ್ಲ ಆ ದಾರಿಯಲ್ಲೇ ಇದೆ, ಇದರಲ್ಲಿ ನನಗೆ ಸಂಕೋಚವಿಲ್ಲ.

ನಾಲ್ಕು ವರ್ಷದ ಹಿಂದೆ ಅವನಿಗೆ ಕಾಯಿಲೆ ಬಂತು. ಮನುಷ್ಯ ಕರಗುತ್ತಾ ಹೋದ. ಅಂಗಿ ಸಡಿಲವಾಯಿತು, ಉಂಗುರ ಜಾರಿ ಸಾರಿನ ಪಾತ್ರೆಗೆ ಬಿತ್ತು. ಅದೇ ಸಮಯದಲ್ಲಿ ಹಿರಿಯೂರಿನ ತೂಕದ ತಿಪ್ಪಕ್ಕ ನಮಗೊಂದು ಹೊಸ ಹೊರೆ ಅಂಟಿಸಿದಳು. ದುರ್ಗದಲ್ಲಿರುವ ಅವಳ ತಮ್ಮನ ಮನೆಗೆ ಒಂದು ಚೀಲ ಶೇಂಗಾ. ಪಾಲಯ್ಯ ಅವಳ ಭುಜ ಹಿಡಿದು ತೂಕದ ಕೋಣೆಯಿಂದ ಬರುವುದು, ಅವಳು ಚೀಲ ಹೊತ್ತು ತಂದು ಅವನ ಕಾಲ ಬುಡದಲ್ಲಿ ಇಡುವುದು. ದುರ್ಗದ ಬಾಗಿಲಿನವರು ಅದನ್ನು ಇಳಿಸಿಕೊಳ್ಳುತ್ತಿದ್ದರು, ಬರುವಾಗ ಅವಳ ತಮ್ಮ ಕಳಿಸಿದ ಬೆಲ್ಲ ಎಂದು ಅದೇ ಚೀಲ ತಂದಿಡುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು ಕೂತು ಸಿಡಿಮಿಡಿಗುಟ್ಟುತ್ತಿದ್ದೆ. ಒಬ್ಬ ಗಂಡಸನ್ನು ತೂಗಲು ಇಷ್ಟು ಹೊತ್ತೇ, ಅಷ್ಟೇನು ಮಾತು ಇವರಿಬ್ಬರಿಗೆ, ನಮ್ಮದೇನು ಸಾಮಾನು ಗಾಡಿಯೇ ಎಂದೆಲ್ಲ ಗೊಣಗಿದ್ದೇನೆ. ಚೀಲ ಪಕ್ಕಕ್ಕೆ ಸರಿಸಲು ಕೈಚಾಚಿದರೆ ಅವನು ಮುಟ್ಟಗೊಡುತ್ತಿರಲಿಲ್ಲ. ನಿನ್ನ ಕೆಲಸ ಸ್ಟೇರಿಂಗು, ನನ್ನ ಕೆಲಸ ಚೀಲ ಎನ್ನುತ್ತಿದ್ದ.

ಈಗ ನನ್ನ ದಡ್ಡತನ ಕೇಳಿ. ಮನೆಯಲ್ಲಿ ನನ್ನ ಕಣ್ಣಿಗೆ ಅವನು ಸವೆಯುತ್ತಿರುವುದು ಕಾಣುತ್ತಿತ್ತು. ಹೆದ್ದಾರಿಗೆ ಬಂದರೆ ಗಾಡಿ ಹಿಂದಿನಂತೆಯೇ ನೇರ. ಗಾಳಿ ಬಡಿದರೂ ಅಷ್ಟೇ ಸರಿಯುತ್ತಿತ್ತು, ಉದ್ದಪ್ಪ ಸೆಳೆದರೂ ಅಷ್ಟೇ ಬಾಗುತ್ತಿತ್ತು. ಎಡಗಡೆ ಅದೇ ಅರವತ್ತನಾಲ್ಕು ಕಿಲೋ ಕೂತ ಹಾಗೆ. ಪುಟ್ಟ ಗಾಡಿ ಸುಳ್ಳು ಹೇಳುವುದಿಲ್ಲ ಎಂದು ನಂಬಿದವಳು ನಾನು. ಆದ್ದರಿಂದ ಕಣ್ಣೇ ಸುಳ್ಳು ಹೇಳುತ್ತಿದೆ, ಇವನು ಒಳಗಿಂದ ಗಟ್ಟಿಯಾಗಿದ್ದಾನೆ, ವಾಸಿಯಾಗುತ್ತಾನೆ ಎಂದುಕೊಂಡೆ. ವಾರಕ್ಕೊಮ್ಮೆ ಆ ಮೂರು ಗಂಟೆ ನನಗೆ ಹೆದರಿಕೆಯೇ ಇರಲಿಲ್ಲ. ಹೋದ ಆಷಾಢ ಶುರುವಾಗುವ ಮೊದಲೇ ಅವನು ತೀರಿಕೊಂಡ. ಆಸ್ಪತ್ರೆಯವರು ಕೊನೆಗೆ ತೂಗಿದ್ದು ನಲವತ್ತಮೂರು.

ಗಾಡಿಯ ಮೇಲೆ ಬಟ್ಟೆ ಹೊದಿಸಿದೆ. ಇನ್ನು ನನಗೂ ಆ ದಾರಿಗೂ ಸಂಬಂಧವಿಲ್ಲ ಎಂದೆ. ಆದರೆ ಗುಬ್ಬಿಸಾಲಿಗೆ ಒಂದು ಕಟ್ಟಳೆಯಿದೆ. ವರ್ಷಕ್ಕೊಮ್ಮೆಯಾದರೂ, ಆಷಾಢದ ಗಾಳಿ ಬೀಸುತ್ತಿರುವಾಗ, ಒಂದು ಗುಬ್ಬಿಗಾಡಿ ಹಿರಿಯೂರಿನಿಂದ ದುರ್ಗದವರೆಗೆ ಸ್ವಂತ ಚಕ್ರದ ಮೇಲೆ ದಾಟಬೇಕು. ದಾಟದಿದ್ದರೆ ಆ ಪಟ್ಟಿಯೂ ಉದ್ದಪ್ಪನಿಗೆ ಸೇರುತ್ತದೆ, ಆಮೇಲೆ ಯಾರು ಅತ್ತರೂ ಮರಳಿ ಬರುವುದಿಲ್ಲ. ಹೋದ ವರ್ಷ ಐಮಂಗಲದ ಒಬ್ಬ ಮೇಷ್ಟ್ರು ದಾಟಿ ಉಳಿಸಿದ್ದರು. ಈ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಉಳಿದದ್ದು ನನ್ನ ಗಾಡಿಯೊಂದೇ. ಮೂವತ್ತು ದಿನ ಕಳೆಯಿತು, ನಲವತ್ತಾಯಿತು. ನಲವತ್ತೊಂದನೆಯ ದಿನ, ಎಂದರೆ ನಿನ್ನೆ, ಬೆಳಗ್ಗೆ ಎದ್ದು ನೋಡಿದರೆ ಹಪ್ಪಳದ ಮೇಲೆ ಯಾರೂ ಕಲ್ಲಿಟ್ಟಿರಲಿಲ್ಲ. ಗಾಳಿ ಸಣ್ಣಗಾಗುತ್ತಿತ್ತು. ಸಂಜೆಯೊಳಗೆ ನಿಂತರೆ ಪಾಲಯ್ಯ ಗುನುಗುತ್ತಿದ್ದ ದಾರಿ ನಿಂತುಹೋಗುತ್ತದೆ. ಬಟ್ಟೆ ಕಿತ್ತು ಹೊರಟೆ.

ತಿಪ್ಪಕ್ಕ ಈಗ ಹಿರಿಯೂರಿನಲ್ಲಿಲ್ಲ. ಕಾಲುನೋವೆಂದು ಜನ ಕಡಿಮೆಯಿರುವ ಐಮಂಗಲದ ಬಾಗಿಲಿಗೆ ಹೋಗಿದ್ದಾಳೆ. ಅವಳ ಜಾಗದಲ್ಲಿ ಓಬಳೇಶನೆಂಬವನು, ಮಾತಿಗಿಂತ ಕಾನೂನು ಹೆಚ್ಚು. ಎಡಭಾರ ಎಷ್ಟು ಎಂದು ಕೇಳಿದ. ತೀರಿಕೊಂಡ ಎಡಭಾರಕ್ಕೆ ಬದಲಾಗಿ ಕಲ್ಲಿಡುವಾಗ ಅವರ ಕೊನೆಯ ತೂಕವನ್ನೇ ಇಡುವುದು ನಮ್ಮಲ್ಲಿ ಮರ್ಯಾದೆ. ಹೆಚ್ಚಿಟ್ಟರೆ ಸುಳ್ಳು, ಕಡಿಮೆಯಿಟ್ಟರೆ ಅವಮಾನ. ನಲವತ್ತಮೂರು ಎಂದೆ. ತೂಗಿ ಕೊಟ್ಟ, ಪಟ್ಟಿ ಬಿಗಿದ. ಹೋದ ವರ್ಷವೂ ಇಷ್ಟೇ ಇದ್ದನಲ್ಲ, ಗಾಡಿ ನೇರ ಓಡಿತಲ್ಲ ಎಂಬ ಧೈರ್ಯ ನನಗೆ.

ಎರಡು ಮೈಲಿ ಹೋಗುವುದರೊಳಗೆ ಆ ಧೈರ್ಯ ಇಳಿದುಹೋಯಿತು. ಆ ಸಣ್ಣ ಗಾಳಿಗೇ ಗಾಡಿ ಬಲಕ್ಕೆ ಜಾರುತ್ತಿತ್ತು. ನಾನು ಎಡಕ್ಕೆ ತಂದರೆ ಮತ್ತೆ ಜಾರುತ್ತಿತ್ತು. ಚಕ್ರದ ಗಾಳಿ ಸರಿಯಿತ್ತು, ದಾರಿ ಸಮವಿತ್ತು. ವಯಸ್ಸಾಯಿತು, ಕೈ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಕನ್ನಡಿಯಲ್ಲಿ ಉದ್ದಪ್ಪ ಕಂಡ. ಮೂತಿ ಬಂತು, ನೂಕಿದ, ತಡೆದೆ. ಹೊಟ್ಟೆ ಬಂತು, ಸೆಳೆದ. ನಾನು ಬೇರೆಯವರಿಗೆ ಮಾಡಬೇಡಿ ಎಂದು ಬೈದದ್ದನ್ನೆಲ್ಲ ನಾನೇ ಮಾಡಿದೆ. ಕತ್ತು ಹಿಸುಕುವ ಹಾಗೆ ಸ್ಟೇರಿಂಗ್ ಹಿಡಿದೆ, ಉಸಿರು ಬಿಗಿಹಿಡಿದೆ, ದೂರ ನೋಡುವುದು ಬಿಟ್ಟು ಅವನ ಹೊಟ್ಟೆಯನ್ನೇ ನೋಡಿದೆ. ಬಲಚಕ್ರ ಬಿಳಿಗೆರೆ ದಾಟಿತು. ನಡುವೆ ಒಂದು ಅಂಗೈ ಜಾಗವಿತ್ತೋ ಇಲ್ಲವೋ. ಬಾಲ ಒದ್ದು ಹೋದಾಗ ಗಾಡಿ ಅರ್ಧ ತಿರುಗಿ ಮಣ್ಣಿನ ಅಂಚಿಗೆ ಬಂದು ನಿಂತಿತು. ಪಕ್ಕದಲ್ಲಿ ಕಲ್ಲುಗಳು ಸುಮ್ಮನೆ ಕೂತಿದ್ದವು. ನನಗೆ ಅವುಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಐಮಂಗಲದವರೆಗೆ ನಡಿಗೆಯ ವೇಗದಲ್ಲಿ ಹೋದೆ. ಬಾಗಿಲಲ್ಲಿ ತಿಪ್ಪಕ್ಕ ಕೋಲೂರಿ ನಿಂತಿದ್ದಳು. ಗಾಡಿ ಬಂದ ರೀತಿ ನೋಡಿಯೇ ಅವಳ ಮುಖ ಇಳಿಯಿತು. ಪದ್ಧತಿ ಮುರಿದು ಅವಳೇ ಬಗ್ಗಿ ಎಡ ಸೀಟಿನಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿದಳು.

“ಎಷ್ಟು ಇಡ್ಸಿದೀಯಕ್ಕಾ?”

ನಲವತ್ತಮೂರು ಎಂದೆ.

“ಈ ಗಾಡಿ ಯಾವತ್ತೂ ನಲವತ್ಮೂರರ ಮ್ಯಾಲೆ ಓಡಿಲ್ಲ ಕಣಕ್ಕಾ.”

ನನಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ನೋಡದೆ, ಕಲ್ಲುಗಳಿಗೆ ಹೇಳುವ ಹಾಗೆ ಹೇಳಿದಳು. ಶೇಂಗಾ ಇರಲಿಲ್ಲ, ಬೆಲ್ಲ ಇರಲಿಲ್ಲ, ದುರ್ಗದಲ್ಲಿ ಅವಳಿಗೆ ತಮ್ಮನೇ ಇಲ್ಲ. ಕಾಯಿಲೆ ಬಂದ ಮೇಲೆ ಮೊದಲ ಸಲ ತೂಗಿದಾಗ ಅವನು ಮೂರು ಕಿಲೋ ಇಳಿದಿದ್ದ, ವೇದಾವತಿ ಹೊಳೆಯಿಂದ ಮೂರು ಕಿಲೋ ಕಲ್ಲು ತಾನೇ ಆರಿಸಿ ತಂದ. ಆಮೇಲೆ ಎಂಟು. ಆಮೇಲೆ ಹದಿನೈದು. ಕೊನೆಗೆ ಇಪ್ಪತ್ತೊಂದು. ಪ್ರತಿ ಸಲ ಅವನನ್ನೂ ಚೀಲವನ್ನೂ ಒಟ್ಟಿಗೆ ನಿಲ್ಲಿಸಿ, ಮುಳ್ಳು ಅರವತ್ತನಾಲ್ಕಕ್ಕೆ ಬರುವ ತನಕ ಕಲ್ಲು ಹಾಕುವುದೇ ಅವರಿಬ್ಬರ ಮಾತುಕತೆಯಾಗಿತ್ತು. ಹೇಳಬಾರದೆಂದು ಅವಳಿಂದ ಭಾಷೆ ತೆಗೆದುಕೊಂಡಿದ್ದ.

“ಅವ್ಳ ಕೈಗೆ ನಾನು ಹಗುರ ಆಗಿದ್ದು ಗೊತ್ತಾಗ್ಬಾರ್ದು ಕಣವ್ವ ಅಂತಿದ್ರು. ನೀನೀಗ ಸಾಯಕ್ಕೆ ಹೊಂಟಿದ್ದೆ. ಅದ್ಕೆ ಯೋಳ್ದೆ.”

ನಾನು ಸ್ಟೇರಿಂಗ್ ಬಿಟ್ಟು ಎದ್ದೆ. ನಲವತ್ತೊಂದು ವರ್ಷದಲ್ಲಿ ಬಾಗಿಲ ಬಳಿ ನಾನು ಇಳಿದದ್ದು ಅದೇ ಮೊದಲು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವನು ಸಾಯುತ್ತಿದ್ದಾನೆ ಎಂದು ತಿಳಿದಿದ್ದರೆ ನಾನು ಇನ್ನೂ ನಿಧಾನ ಓಡಿಸುತ್ತಿದ್ದೆ. ಇನ್ನೊಂದು ಸುತ್ತು ಹಾಕುತ್ತಿದ್ದೆ. ಏನು ಗುನುಗುತ್ತಿದ್ದೀಯ ಎಂದು ಒಂದು ಸಲ ಕೇಳಿಯಾದರೂ ಕೇಳುತ್ತಿದ್ದೆ. ಅವನು ನನಗೆ ಹೆದರಿಕೆಯಿಲ್ಲದ ಮೂರು ಗಂಟೆ ಕೊಟ್ಟ, ಬದಲಿಗೆ ಕೇಳುವ ಅವಕಾಶ ಕಿತ್ತುಕೊಂಡ. ತಿಪ್ಪಕ್ಕ ಒಳಗೆ ಹೋಗಿ ಗೂಟದಿಂದ ಒಂದು ಚೀಲ ಇಳಿಸಿ ಎಳೆದು ತಂದಳು. ಅವನ ಹಳೆಯ ಪಂಚೆಯಲ್ಲಿ ಹೊಲಿದ ಚೀಲ, ಒಳಗೆ ಆ ಇಪ್ಪತ್ತೊಂದು ಕಿಲೋ ಕಲ್ಲು ಹಾಗೇ. ಹಿರಿಯೂರು ಬಿಡುವಾಗ ಎಸೆಯಲು ಮನಸ್ಸು ಬರದೆ ತಂದಿಟ್ಟುಕೊಂಡಿದ್ದಳಂತೆ. ಇಬ್ಬರೂ ಸೇರಿ ಅದನ್ನು ಅವನ ಕಾಲ ಜಾಗದಲ್ಲಿ ಇಟ್ಟೆವು. ಆಮೇಲೆ ಅತ್ತೆ. ಗಾಳಿ ಹೋಗ್ತಾ ಐತೆ, ಹೊರಡು ಎಂದು ಅವಳೇ ತಳ್ಳಿದಳು.

ಐಮಂಗಲ ದಾಟಿದ ಮೇಲಿನ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಗಾಡಿ ನೇರ ಹೋಯಿತು. ಗುಡ್ಡ ಮುಗಿದಾಗ ಗಾಳಿ ಬಂತು, ಒಂದು ಮೊಳ ಸರಿದು ತಾನಾಗಿ ಜಾಗಕ್ಕೆ ಮರಳಿತು. ಒಬ್ಬ ಉದ್ದಪ್ಪ ದಾಟಿದ, ನೂಕಿದ, ಸೆಳೆದ, ಒದ್ದ. ನನ್ನ ಬೆರಳು ಹಿಟ್ಟು ಮುಟ್ಟಿದ ಹಾಗೇ ಇತ್ತು. ಮೋಡದ ನೆರಳೊಂದು ನಮ್ಮ ಜೊತೆಗೇ ಬಹಳ ದೂರ ಬಂತು. ಪಕ್ಕಕ್ಕೆ ತಿರುಗಿ ನೋಡಲಿಲ್ಲ, ನೋಡುವ ಅಗತ್ಯವೇ ಬೀಳಲಿಲ್ಲ. ದುರ್ಗದ ಬಾಗಿಲು ಮುಟ್ಟಿ ಇಳಿದಾಗ ಸೆರಗು ಒಂದು ಸಲ ಹಾರಿ, ಹಾಗೇ ಕೆಳಗಿಳಿಯಿತು. ಗಾಳಿ ನಿಂತಿತು. ಗುಬ್ಬಿಸಾಲು ಇನ್ನೊಂದು ವರ್ಷ ಉಳಿಯಿತು. ಓಬಳೇಶ ಕೊಟ್ಟ ನಲವತ್ತಮೂರು ಕಿಲೋ ಕಲ್ಲನ್ನು ಕಟ್ಟಳೆಯಂತೆ ಹಿಂದಿರುಗಿಸಿದೆ. ಚೀಲ ಕೊಡಲಿಲ್ಲ. ಅದು ಬಾಗಿಲಿನದಲ್ಲ, ನಮ್ಮ ಮನೆಯದು. ಗಾಳಿಯಿಲ್ಲದ ದಾರಿಯಲ್ಲಿ ಅದೊಂದನ್ನೇ ಪಕ್ಕದಲ್ಲಿಟ್ಟುಕೊಂಡು ಇವತ್ತು ಬೆಳಗ್ಗೆ ನಿಧಾನವಾಗಿ ಹಿರಿಯೂರಿಗೆ ಮರಳಿದೆ. ಹೊಸ ತಿಂಗಳಿನ್ನೂ ಸಾರಿಲ್ಲ, ಆದ್ದರಿಂದ ಆಷಾಢದ ದಿನಾಂಕವನ್ನೇ ಹಾಕಿದ್ದೇನೆ.

ನನ್ನ ಪಾಠ ಈಗ ಸ್ವಲ್ಪ ಬದಲಾಗಿದೆ. ಪುಟ್ಟ ಗಾಡಿ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಪ್ರೀತಿಸುವವರು ಅದರ ಕೈಲೂ ಹೇಳಿಸಿಬಿಡುತ್ತಾರೆ. ನಿಮ್ಮನ್ನು ನಾನು ಬಲ್ಲೆನಾದರೆ, ನೀವು ನಾಳೆಯೋ ನಾಡಿದ್ದೋ ಹೆದ್ದಾರಿಗೆ ಇಳಿಯುತ್ತೀರಿ. ಲಾರಿ ದಾಟುವಾಗ ಬೆರಳು ಸಡಿಲ ಬಿಡಿ, ದೂರ ನೋಡಿ, ಇದೆಲ್ಲ ಹೇಳಿಯಾಯಿತು. ಒಂದು ಕೋರಿಕೆ ಉಳಿದಿದೆ. ಹೊರಡುವ ಮೊದಲು, ಗಾಡಿ ನಿಂತಿರುವಾಗಲೇ, ಎಡಕ್ಕೆ ತಿರುಗಿ ಅಲ್ಲಿ ಕೂತವರನ್ನು ಹೇಗಿದ್ದೀರಿ ಎಂದು ಕೇಳಿ. ಚೆನ್ನಾಗಿದ್ದೇನೆ, ನೀನು ದಾರಿ ನೋಡು ಎನ್ನುತ್ತಾರೆ. ಆಗ ಇಳಿದು, ಆ ಕಡೆ ಸುತ್ತಿಹೋಗಿ, ಅವರ ಕಾಲ ಬುಡದಲ್ಲಿರುವ ಚೀಲವನ್ನು ಒಮ್ಮೆ ಎತ್ತಿ ನೋಡಿ.

ನಿಮ್ಮ ಸಾಲಿನಲ್ಲೇ ಹಿಂದೆ ಬರುತ್ತಿರುವ,
ಸಣ್ಣಬೋರಮ್ಮ